ಅಮಾವಾಸ್ಯೆಗೆ ತೆಗೆದಿಟ್ಟ ರೊಟ್ಟಿ

ಕುಂದಗೋಳದಲ್ಲಿ ನಾನು ಕೆಲಸ ಮಾಡುವ ರಕ್ತ ತಪಾಸಣೆಯ ಲ್ಯಾಬಿಗೆ ಕಾಲೇಜು ಹುಡುಗಿಯರು ಬಹಳ ಬರುತ್ತಾರೆ. ಸೂಜಿ ಕಂಡ ಕೂಡಲೇ ಮುಖ ಆ ಕಡೆ ತಿರುಗಿಸುತ್ತಾರೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ಹೋದ ತಿಂಗಳು ಒಬ್ಬಳು ತನ್ನ ಗೆಳತಿಗೆ ಅಳ್ನಾವರದ ಕಡೆ ಕಾಡಿನ ರಸ್ತೆಯಲ್ಲಿ ತಿರುಗುವ ವ್ಯಾಂಪೈರ್ ಬಗ್ಗೆ ಹೇಳುತ್ತಿದ್ದಳು. ಬೆಳ್ಳಗಿದ್ದಾನಂತೆ, ಎತ್ತರಕ್ಕಿದ್ದಾನಂತೆ, ವಯಸ್ಸೇ ಆಗುವುದಿಲ್ಲವಂತೆ, ಅವನ ಕಣ್ಣು ನೋಡಿದರೆ ಜೀವ ಹೋದರೂ ಚಿಂತೆಯಿಲ್ಲ ಅನಿಸುತ್ತದಂತೆ. ಯಾರೋ ಅವನ ಮೇಲೆ ರೀಲ್ಸ್ ಬೇರೆ ಮಾಡಿ ಬಿಟ್ಟಿದ್ದಾರೆ. ನಾನು ಅವಳ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಿದ್ದೆ. ಸ್ವಲ್ಪ ಜೋರಾಗಿಯೇ ಎಳೆದು ಕಟ್ಟಿದೆ.

ಅವನ ಹೆಸರು ಚನ್ನವೀರ. ನಮ್ಮೂರ ಗೌಡರ ಮನೆಯ ಹುಡುಗ. ನಮ್ಮೂರು ಸಂಶಿಯಿಂದ ನಾಲ್ಕು ಕಿಲೋಮೀಟರ್. ಪಿಯುಸಿ ಎರಡೂ ವರ್ಷ ಸಂಶಿಯಲ್ಲಿ ಒಂದೇ ಕ್ಲಾಸಿನಲ್ಲಿ ಕೂತವರು ನಾವು. ಅವನು ಬೆಳ್ಳಗೂ ಇರಲಿಲ್ಲ, ಎತ್ತರವೂ ಇರಲಿಲ್ಲ. ವರ್ಷದ ಹನ್ನೆರಡು ತಿಂಗಳೂ ಮೂಗು ಸೋರುತ್ತಿದ್ದ, ಲೆಕ್ಕದಲ್ಲಿ ಸದಾ ಹಿಂದೆ ಬಿದ್ದ, ಯಾರಾದರೂ ಗದರಿದರೆ ಕಿವಿ ಕೆಂಪಾಗುವ ಸಾದಾ ಹುಡುಗ. ಈಗಿನ ಕಥೆಯನ್ನು ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಹೇಳಿಕೊಳ್ಳಲಿ. ಅದಕ್ಕಿಂತ ಮುಂಚಿನದು ನನಗೆ ಗೊತ್ತು. ಗೊತ್ತಿದ್ದ ಉಳಿದವರೆಲ್ಲ ಮಣ್ಣಾಗಿದ್ದಾರೆ.

ಚನ್ನವೀರನಿಗೆ ಹೇಸಿಗೆ ಬಹಳ. ಬಸ್ಸಿನ ಸೀಟನ್ನು ಕರ್ಚೀಫಿನಿಂದ ಒರೆಸದೆ ಕೂರುತ್ತಿರಲಿಲ್ಲ. ನೀರಿನ ಬಾಟಲಿ ತನ್ನದೇ, ಊಟದ ಡಬ್ಬಿ ತನ್ನದೇ, ಬೇರೆಯವರು ಡಬ್ಬಿ ತೆರೆದರೆ ಆ ವಾಸನೆಗೇ ಎದ್ದು ಹೊರಗೆ ಹೋಗುತ್ತಿದ್ದ. ಅದು ಅವನ ಹುಟ್ಟುಗುಣವಲ್ಲ, ಮನೆಯ ತರಬೇತಿ. ಅವನ ತಂದೆ ಬಹಳ ಹಿಂದೆಯೇ ತೀರಿಹೋಗಿದ್ದ, ತಾಯಿಯನ್ನು ಊರೆಲ್ಲ ಗೌಡತಿ ಅನ್ನುತ್ತಿತ್ತು. ನಮ್ಮ ಓಣಿಯವರು ಕೆಲಸಕ್ಕೆಂದು ಅವರ ಹಿತ್ತಲಿಗೆ ಹೋಗಿ ಬಂದ ಮೇಲೆ, ನಾವು ನಿಂತ ಜಾಗಕ್ಕೆ ಆಕೆ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಳು. ಮುಚ್ಚುಮರೆ ಏನೂ ಇರಲಿಲ್ಲ. ನಾವು ಇನ್ನೂ ಬೇಲಿ ದಾಟುವುದರೊಳಗೆ ನೀರು ಬೀಳುವ ಸಪ್ಪಳ ಬೆನ್ನ ಹಿಂದೆ ಕೇಳುತ್ತಿತ್ತು.

ಆದರೆ ಹುಡುಗ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಬಯಾಲಜಿ ಪ್ರಾಕ್ಟಿಕಲ್ಲಿನಲ್ಲಿ ನಮ್ಮ ನಮ್ಮ ರಕ್ತದ ಗುಂಪು ಪರೀಕ್ಷಿಸಿ ಬರೆಯಬೇಕಿತ್ತು. ಬೆರಳಿಗೆ ಸೂಜಿ ಚುಚ್ಚಿಕೊಳ್ಳುವ ಮಾತಿಗೇ ಅವನು ಬೆವೆತು ಗೋಡೆ ಹಿಡಿದ. ನನ್ನ ಪಕ್ಕಕ್ಕೆ ಬಂದು, ನಿನ್ನದೇ ಇನ್ನೊಂದು ಹನಿ ನನ್ನ ಗಾಜಿಗೆ ಹಾಕು ಅಂತ ಪಿಸುಗುಟ್ಟಿದ. ಹಾಕಿಕೊಟ್ಟೆ. ಅವನ ಜರ್ನಲ್ಲಿನಲ್ಲಿ ನನ್ನ ಗುಂಪೇ ಅವನ ಗುಂಪಾಗಿ ದಾಖಲಾಯಿತು. ಸಂಜೆ ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ತಂದ, ನನಗಾಗಿಯೇ. ಕೈಗೆ ಕೊಡಲಿಲ್ಲ. ಕಾಗದದ ಸಮೇತ ಕಲ್ಲುಬೆಂಚಿನ ಮೇಲಿಟ್ಟು ನನ್ನ ಕಡೆ ಸರಿಸಿದ. ಹಸಿವಿತ್ತು, ತಿಂದೆ. ಆ ಸರಿಸಿದ ಕೈ ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದವಳು ಅಜ್ಜಿ ದುಂಡವ್ವ. ಅವಳ ಕಸುಬು ಕೊಂಬು ಹಚ್ಚುವುದು. ಮೊಳಕಾಲು ಬಾತವರು, ಸೊಂಟ ಹಿಡಿದವರು, ಕಾಲಿನ ನರ ಗಂಟು ಕಟ್ಟಿದವರು ಅವಳನ್ನು ಕರೆಸುತ್ತಿದ್ದರು. ತುದಿಯಲ್ಲಿ ಸಣ್ಣ ತೂತಿರುವ ಎಮ್ಮೆಯ ಕೊಂಬನ್ನು ನೋವಿರುವ ಕಡೆ ಬೋರಲಾಗಿ ಊರಿ, ತೂತಿಗೆ ಬಾಯಿಟ್ಟು ಉಸಿರು ಎಳೆಯುವುದು. ಚರ್ಮ ಉಬ್ಬಿ ಬಂದ ಮೇಲೆ ಬ್ಲೇಡಿನಿಂದ ಸಣ್ಣ ಗೀರು ಹಾಕಿ ಮತ್ತೆ ಊರಿ ಎಳೆಯುವುದು. ಕೆಟ್ಟ ರಕ್ತ ಕಪ್ಪಗೆ, ಮಂದವಾಗಿ, ಗಂಟು ಗಂಟಾಗಿ ಬರುತ್ತದೆ. ಎಷ್ಟೇ ಹುಷಾರಿದ್ದರೂ ಬಾಯಿಗೆ ಬರದೆ ಇರುವುದಿಲ್ಲ. ಆಗ ಪಕ್ಕದಲ್ಲಿ ಬೂದಿಯ ಬುಟ್ಟಿ ಹಿಡಿದು ನಿಂತಿರಬೇಕು, ಅವಳು ಅದರಲ್ಲಿ ಉಗುಳುತ್ತಾಳೆ. ಆ ಬುಟ್ಟಿ ಹಿಡಿಯುವ ಕೆಲಸ ನನ್ನದಾಗಿತ್ತು. ಮೊದಲನೇ ಸಲ ಅಜ್ಜಿಗಿಂತ ಹೆಚ್ಚು ಬೂದಿ ನನ್ನ ವಾಂತಿಗೇ ಖರ್ಚಾಯಿತು. ಪವಿತ್ರ ವಿದ್ಯೆ, ಹಿರಿಯರ ಕಾಣಿಕೆ ಅಂತೆಲ್ಲ ಈಗ ಯಾರಾದರೂ ಅದರ ಬಗ್ಗೆ ಭಾಷಣ ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೇರೆಯವರ ಕೊಳೆತ ರಕ್ತವನ್ನು ಬಾಯಿಂದ ಎಳೆದು ಉಗುಳುವ ಕೆಲಸ ಅದು, ಹೇಸಿಗೆಯ ಕೆಲಸ. ಅಜ್ಜಿಗೂ ಹೇಸಿಗೆಯಾಗುತ್ತಿತ್ತು. ಆದರೂ ಮಾಡುತ್ತಿದ್ದಳು, ಯಾಕೆಂದರೆ ನರಳುವವರ ಕಾಲು ಅವಳ ಕಣ್ಣೆದುರಿಗೆ ಇರುತ್ತಿತ್ತು.

ಕಸುಬಿಗೆ ಅವಳದೇ ಮೂರು ಕಟ್ಟಳೆ. ಕೊಂಬು ಹಚ್ಚುವ ಮೊದಲು ಹೊಟ್ಟೆ ತುಂಬ ಉಣ್ಣಬೇಕು. ಬಂದದ್ದನ್ನು ಒಲೆಯ ಬೂದಿಗೇ ಉಗುಳಬೇಕು, ಒಂದು ಹನಿಯೂ ಗಂಟಲಿಳಿಯಬಾರದು. ಹೊತ್ತು ಮುಳುಗುವುದರೊಳಗೆ ಅದನ್ನು ಮಣ್ಣಿನಲ್ಲಿ ಹೂಳಬೇಕು. ಯಾಕೆ ಅಂತ ನಾನೊಮ್ಮೆ ಕೇಳಿದ್ದಕ್ಕೆ ಅವಳು ರೊಟ್ಟಿ ಮುರಿಯುತ್ತಲೇ ಹೇಳಿದಳು.

"ಮೈ ಬಿಟ್ಟ ರಕ್ತಕ್ಕ ಮನಿ ಇರಂಗಿಲ್ಲವ್ವಾ. ಹಸದ ಹೊಟ್ಟಿ ಸಿಕ್ಕರ ಅಲ್ಲೇ ಕುಂತು ಬಿಡತೈತಿ. ಆಮ್ಯಾಲ ಆ ಹೊಟ್ಟಿಗಿ ಅದರ ಹೊರತು ಬ್ಯಾರೆ ಏನೂ ಸೇರಂಗಿಲ್ಲ."

ಅಂಜಿಸಲು ಹೇಳುವ ಮಾತು ಅಂದುಕೊಂಡು ನಾನು ನಕ್ಕಿದ್ದೆ.

ಒಂಬತ್ತು ವರ್ಷದ ಹಿಂದಿನ ಮಾತು. ಚನ್ನವೀರನ ಅಜ್ಜ ಶಿದ್ಲಿಂಗಪ್ಪಗೌಡರ ಎಡಗಾಲು ಬಾತು ಮೊಳಕಾಲಿನ ತನಕ ನೀಲಿಯಾಯಿತು. ಹುಬ್ಬಳ್ಳಿಯ ಡಾಕ್ಟರು ಕಾಲು ತೆಗೆಯಬೇಕು ಅಂದರು. ಮುದುಕ ಸುತರಾಂ ಒಪ್ಪಲಿಲ್ಲ, ದುಂಡವ್ವನನ್ನು ಕರೆಸಿ ಅಂದ. ಅಜ್ಜಿ ಹೋದಳು, ಜೊತೆಗೆ ನಾನೂ. ದನದ ಕೊಟ್ಟಿಗೆಯಲ್ಲಿ ಕಾಲು ಚಾಚಿ ಕುರ್ಚಿಯ ಮೇಲೆ ಕೂತಿದ್ದ ಗೌಡರು, ಅಜ್ಜಿ ಕಾಲು ಮುಟ್ಟಿದಾಗಲೆಲ್ಲ ಮುಖ ಮೇಲೆತ್ತಿ ಸೂರು ನೋಡುತ್ತಿದ್ದರು. ಎರಡು ಸಲ ಹೋಗಿ ಬಂದೆವು, ಬಾವು ಇಳಿಯಿತು, ನೀಲಿ ಮಾತ್ರ ಇನ್ನೂ ಉಳಿದಿತ್ತು. ಕೆಲಸ ಮುಗಿದು ಅಜ್ಜಿ ನೀರು ಕೇಳಿದರೆ ಗೌಡತಿ ತಂಬಿಗೆಯನ್ನು ತನ್ನ ಹೆಗಲ ಮಟ್ಟಕ್ಕೆ ಎತ್ತಿ ಮೇಲಿಂದ ಸುರಿಯುತ್ತಿದ್ದಳು, ಅಜ್ಜಿ ಬೊಗಸೆ ಒಡ್ಡಿ ಬಗ್ಗಿ ಕುಡಿಯುತ್ತಿದ್ದಳು. ಗೌಡತಿಯ ಮಾವನ ರಕ್ತ ಇನ್ನೂ ಅಜ್ಜಿಯ ಹಲ್ಲಿನ ಸಂದಿಯಲ್ಲಿತ್ತು. ತಂಬಿಗೆಗೆ ಮಾತ್ರ ಮೈಲಿಗೆಯಾಗಬಾರದು.

ಎರಡನೇ ಸಲ ನಾವು ಬೂದಿಯನ್ನು ನಮ್ಮ ಹಿತ್ತಲಲ್ಲಿ ಹೂಳುವುದನ್ನು ಅವರ ಮನೆಯ ಆಳು ನೋಡಿ ಹೋಗಿ ಹೇಳಿದ. ಗೌಡತಿ ಕುಣಿದಾಡಿದಳಂತೆ. ತಮ್ಮ ಮನೆತನದ ರಕ್ತ ಆ ಓಣಿಯ ಮಣ್ಣಿಗೆ ಸೇರುವುದೆಂದರೆ ಏನು, ಆ ಮುದುಕಿಯ ಬಾಯಿಗೆ ಹೋಗುವುದೆಂದರೆ ಏನು, ಮನೆಗೆ ಏಳಿಗೆ ಇರುತ್ತದೆಯೇ ಎಂದು. ಕಾಲು ನೋಯುವಾಗ ಈ ಯೋಚನೆ ಬಂದಿರಲಿಲ್ಲ, ಬಾವು ಇಳಿದ ಮೇಲೆ ಬಂತು. ಮನೆಯಲ್ಲಿ ಮಾತಾಗಿ ಕಡೆಗೆ ತೀರ್ಮಾನವಾಯಿತು. ಇನ್ನು ಮುಂದೆ ಕೊಂಬು ಅವರ ಮನೆಯಲ್ಲೇ, ಹಚ್ಚುವವನು ಮೊಮ್ಮಗನೇ.

ಕೊಂಬು ತರಲು ಬಂದವನು ಚನ್ನವೀರನೇ. ನಮ್ಮ ಅಂಗಳದ ಹೊರಗೆ ನಿಂತಿದ್ದ, ಮುಖ ಬೆಳ್ಳಗಾಗಿತ್ತು. ಒಂದು ಹನಿ ರಕ್ತಕ್ಕೆ ಗೋಡೆ ಹಿಡಿದ ಹುಡುಗ ಅವನು. ಅಜ್ಜಿ ಬೈಯಲಿಲ್ಲ, ಕೊಂಬನ್ನು ಬೇವಿನ ನೀರಿನಲ್ಲಿ ತೊಳೆದು ಕಟ್ಟೆಯ ಮೇಲಿಟ್ಟು ಮೂರು ಕಟ್ಟಳೆಯನ್ನೂ ಎರಡೆರಡು ಸಲ ಹೇಳಿದಳು. ಉಂಡು ಹಚ್ಚು, ಬೂದಿಗೆ ಉಗುಳು, ಹೂಳು. ಅವನು ತಲೆಯಾಡಿಸಿದ. ನಾನು ಬೂದಿ ಹೊತ್ತು ಅವನ ಹಿಂದೆ ಹೋದೆ, ಅವರ ಒಲೆಯೆಲ್ಲ ಗ್ಯಾಸಿನದಾಗಿತ್ತು.

ಅಂದು ಶ್ರಾವಣದ ಮೊದಲ ಸೋಮವಾರ. ಇದನ್ನು ಹೇಳುವಾಗ ನನಗೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ತಮ್ಮ ಕೈಯಿಂದಲೇ ಮಾಡುವುದಾದರೆ ಮಡಿಯಿಂದಲೇ ಮಾಡಬೇಕು ಅಂತ ಗೌಡತಿ ಹುಡುಗನಿಗೆ ತಲೆಗೆ ನೀರು ಹಾಕಿಸಿದಳು, ಉಪವಾಸ ಇರಿಸಿದಳು, ಕೊಟ್ಟಿಗೆ ಬೇಡವೆಂದು ದೇವರ ಕೋಣೆಯ ಮುಂದಿನ ಪಡಸಾಲೆಯಲ್ಲಿ ಕೂರಿಸಿದಳು. ನಾನು ಹಿತ್ತಲ ಬಾಗಿಲ ಹೊರಗೆ ಬುಟ್ಟಿ ಹಿಡಿದು ನಿಂತಿದ್ದೆ. ಹಸಿದ ಹೊಟ್ಟೆಯಲ್ಲಿ ಬೇಡ ಅಂತ ಎರಡು ಸಲ ಕೂಗಿದೆ. ಯಾರೂ ತಿರುಗಲಿಲ್ಲ. ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಚನ್ನವೀರ ಮೊಳಕಾಲೂರಿ ಕೊಂಬಿಗೆ ಬಾಯಿಟ್ಟ, ಎಳೆದ, ಕೆನ್ನೆ ಉಬ್ಬಿತು. ಉಗುಳಲು ಬುಟ್ಟಿಗಾಗಿ ಬಾಗಿಲ ಕಡೆ ಕೈ ಚಾಚಿದ. ನನ್ನ ಬುಟ್ಟಿ ಒಳಗೆ ಬರುವಂತಿಲ್ಲ. ದೇವರ ಮುಂದೆ ಉಗುಳುವಂತೆಯೂ ಇಲ್ಲ. ಹೊರಗೆ ಬಂದು ಉಗುಳಿದರೆ ಅದು ಮತ್ತೆ ನಮ್ಮ ಬೂದಿಗೇ, ನಮ್ಮ ಕೈಗೇ. ಹುಡುಗ ತುಂಬಿದ ಬಾಯಲ್ಲಿ ಕಣ್ಣು ಬಿಟ್ಟುಕೊಂಡು ಅಜ್ಜನನ್ನು ನೋಡಿದ.

ಶಿದ್ಲಿಂಗಪ್ಪಗೌಡರು ಅಗದಿ ಸಮಾಧಾನದಿಂದ ಅಂದರು. "ನುಂಗಲೇ. ನಮ್ಮ ರಕ್ತ ನಮ್ಮ ಹೊಟ್ಯಾಗ ಹೋದ್ರ ಮೈಲಿಗಿ ಎಲ್ಲೀದು?"

ಅವನು ನುಂಗಿದ. ಗಂಟಲು ಮೇಲೆ ಕೆಳಗೆ ಆಗಿದ್ದನ್ನು ನಾನು ನೋಡಿದೆ. ಎರಡನೇ ಸಲವೂ ನುಂಗಿದ, ಮೂರನೇ ಸಲವೂ ನುಂಗಿದ. ಆಮೇಲೆ ಎದ್ದು ಹಿತ್ತಲಿಗೆ ಓಡಿ ಬಂದು ಗೋಡೆಗೆ ತಲೆಯಿಟ್ಟು ಓಕರಿಸಿದ, ಏನೂ ಬರಲಿಲ್ಲ. ಬಾಯಿಗೆ ಬೆರಳು ಹಾಕು, ಉಪ್ಪುನೀರು ಕುಡಿ ಅಂದೆ. ಹಾಕಿದ, ಕುಡಿದ. ನೀರು ನೀರಾಗಿಯೇ ಬಂತು, ಒಂದು ಎಳೆ ಕೆಂಪೂ ಇರಲಿಲ್ಲ. ಬುಟ್ಟಿಯಲ್ಲಿದ್ದ ಬೂದಿ ಬೆಳ್ಳಗೆ ಹಾಗೇ ಉಳಿದಿತ್ತು. ಅದನ್ನು ಹೊತ್ತುಕೊಂಡು ಮನೆಗೆ ಹೋದಾಗ ಅಜ್ಜಿ ಒಮ್ಮೆ ಬುಟ್ಟಿಯೊಳಗೆ ನೋಡಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

ಆ ವಾರವೇ ಅವನು ಡಬ್ಬಿ ತರುವುದನ್ನು ಬಿಟ್ಟ. ರೊಟ್ಟಿ ನೋಡಿದರೆ ಸಾಕು, ಕರ್ಚೀಫು ಮೂಗಿಗೆ ಹೋಗುತ್ತಿತ್ತು. ಮಜ್ಜಿಗೆ ಹುಳಿದ ವಾಸನೆ ಅನ್ನುತ್ತಿದ್ದ, ಸಾಬೂನು ಹಚ್ಚಿ ತೊಳೆದ ಅಂಗಿಯೂ ಹೊಲಸು ಅನ್ನುತ್ತಿದ್ದ. ಬಿಸಿಲಿಗೆ ಬಂದರೆ ಕುತ್ತಿಗೆಯ ಮೇಲೆ ಗುಳ್ಳೆ ಏಳುತ್ತಿದ್ದವು. ಹನ್ನೆರಡು ತಿಂಗಳೂ ಸೋರುತ್ತಿದ್ದ ಮೂಗು ಮಾತ್ರ ಒಣಗಿ ನೆಟ್ಟಗಾಯಿತು, ಒಂದು ಫರ್ಲಾಂಗು ದೂರದಿಂದ ಯಾರು ಬರುತ್ತಿದ್ದಾರೆ ಅಂತ ಹೇಳುತ್ತಿದ್ದ. ಒಂದು ಸಂಜೆ ಬಸ್ಸಿಗೆ ಕಾಯುವಾಗ, ಎಂದೂ ಇಲ್ಲದವನು ನನ್ನ ಪಕ್ಕದಲ್ಲೇ ಬಂದು ಕೂತ. ಬೆಂಚು ಒರೆಸಲಿಲ್ಲ.

"ಮಲ್ಲಮ್ಮಾ," ಅಂದ, "ಈಗ ಯಾರೂ ಹೊಲಸು ಅನಸವಲ್ರು. ಎಲ್ಲಾರೂ ಅಗದಿ ಚಲೋ ವಾಸನಿ ಬರಾಕತ್ತಾರ. ನೀನೂ."

ನಾನು ಎದ್ದು ಇನ್ನೊಂದು ಬೆಂಚಿಗೆ ಹೋದೆ. ಹುಡುಗನೊಬ್ಬ ಮೊದಲ ಸಲ ಚಂದದ ಮಾತಾಡಿದ ಹಾಗಿತ್ತು, ಆದರೆ ಅವನು ನೋಡುತ್ತಿದ್ದದ್ದು ನನ್ನ ಕುತ್ತಿಗೆಯನ್ನು.

ಇತ್ತ ಗೌಡರ ಕಾಲು ಪೂರಾ ವಾಸಿಯಾಯಿತು. ಮುದುಕ ಕೋಲು ಬಿಟ್ಟು ಓಣಿಯಲ್ಲಿ ಓಡಾಡಿದ, ನಮ್ಮ ರಕ್ತದ ಗುಣ ನೋಡ್ರಿ ಅಂತ ಎಲ್ಲರ ಮುಂದೆ ಮೀಸೆ ತಿರುವಿದ. ಕಾಲಿಗೆ ಇನ್ನು ಕೊಂಬು ಬೇಕಿರಲಿಲ್ಲ. ಹುಡುಗನಿಗೆ ಬೇಕಿತ್ತು. ಊಟ ಬಿಟ್ಟ ಮೊಮ್ಮಗ ಕೊಂಬು ಹಚ್ಚಿದ ದಿನ ಗೆಲುವಾಗುವುದನ್ನು ಕಂಡು ಮುದುಕ ತಾನೇ ಕರೆದು ಬೆನ್ನು ಒಡ್ಡಿದ. ಅದನ್ನು ಪ್ರೀತಿ ಅನ್ನಬೇಕೋ ಸೊಕ್ಕು ಅನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಇಪ್ಪತ್ತನೇ ದಿನಕ್ಕೆ ಗೌಡರು ತೀರಿಕೊಂಡರು. ತುಂಬಿದ ವಯಸ್ಸು, ಸುಖದ ಸಾವು ಅಂದಿತು ಊರು. ಮೈ ತೊಳೆದವರು ಮಾತ್ರ, ಹತ್ತಿ ತೆಗೆದ ಗಾದಿಯ ಹಾಗೆ ಹಗುರವಿದ್ದರು ಅಂತ ನಮ್ಮ ಓಣಿಯಲ್ಲಿ ಬಂದು ಹೇಳಿದರು. ಚನ್ನವೀರ ಹೆಣದ ಪಕ್ಕದಲ್ಲಿ ಕೂತಿದ್ದ, ಕೆನ್ನೆಯಲ್ಲಿ ಬಣ್ಣ ಬಂದಿತ್ತು. ಅತ್ತಿದ್ದ ಕೂಡ. ನಿಜವಾಗಿಯೂ ಅತ್ತಿದ್ದ.

ಅದರ ಮಾರನೇ ದಿನವೇ ನಮ್ಮ ಓಣಿಯ ಎರಡು ಆಡಿನ ಮರಿ ಸತ್ತುಬಿದ್ದವು. ಮೈಮೇಲೆ ಗಾಯ ಅನ್ನುವಂಥದ್ದೇನೂ ಇಲ್ಲ, ಕುತ್ತಿಗೆಯಲ್ಲಿ ಎರಡು ಗೀರು. ಅಜ್ಜಿ ಮರಿಗಳನ್ನು ಎತ್ತಿ ನೋಡಿ ಕೆಳಗಿಟ್ಟು, ಸೀರೆ ಸರಿ ಮಾಡಿಕೊಂಡು ನೇರ ಗೌಡರ ಹಿತ್ತಲಿಗೆ ಹೋದಳು. ಕರೆಯದೆ ಹೋದದ್ದು ಅದೇ ಮೊದಲು.

ಮದ್ದು ಇತ್ತು, ಕಷ್ಟದ್ದೂ ಅಲ್ಲ. ಅಮಾವಾಸ್ಯೆಯ ದಿನ ಹೊತ್ತು ಮುಳುಗುವಾಗ ಹುಡುಗ ನಮ್ಮ ಮನೆಯೊಳಗೆ ಬಂದು ಕೂರಬೇಕು. ನಮ್ಮ ಮನೆಯ ರೊಟ್ಟಿ ಹೊಟ್ಟೆ ತುಂಬ ತಿಂದು, ನಮ್ಮ ಕೊಡದ ನೀರು ಕುಡಿಯಬೇಕು. ಅವರ ಮನೆಯ ಅನ್ನ ನಡೆಯುವುದಿಲ್ಲ, ಆ ರಕ್ತಕ್ಕೆ ಅದರ ಗುರುತಿದೆ. ಬೇರೆ ಮನೆಯ ಅನ್ನ ಹೊಟ್ಟೆಗಿಳಿದರೆ ಕೂತ ರಕ್ತ ಜಾಗ ಬಿಟ್ಟು ಏಳುತ್ತದೆ. ಆಗ ಅವನ ಬೆನ್ನಿಗೆ ಕೊಂಬು ಊರಿ ಅಜ್ಜಿ ಮೂರು ಸಲ ಎಳೆದು ಬೂದಿಗೆ ಉಗುಳಿ ಹೂತರೆ ಮುಗಿಯಿತು, ಹುಡುಗ ಮೊದಲಿನ ಹಾಗೆ. ಬೆನಕನ ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಇತ್ತು. ಅಜ್ಜಿ ಇದನ್ನೆಲ್ಲ ಹಿತ್ತಲಲ್ಲಿ ನಿಂತೇ ಹೇಳಿದಳು, ಕೈ ಮುಗಿದು ಹೇಳಿದಳು. ಗೌಡತಿ ಪೂರ್ತಿ ಕೇಳಿಸಿಕೊಂಡಳು. ಮಗನಿಗೆ ಏನಾಗಿದೆ ಅಂತ ಅವಳಿಗೆ ಗೊತ್ತಿತ್ತು, ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

"ನನ್ನ ಮಗ ನಿಮ್ಮ ಮನ್ಯಾಗ ಕುಂತು ಉಣ್ಣೂದಕಿಂತ," ಅಂದಳು, "ಹಂಗ ಇರಲಿ."

ನಾವು ತಿರುಗಿ ಬರುವಾಗ ಹಿಂದೆ ನೀರು ಚಿಮುಕಿಸಿದ ಸಪ್ಪಳವಾಯಿತು. ಒಬ್ಬನೇ ಮಗ ಕೈಬಿಟ್ಟು ಹೋಗುತ್ತಿದ್ದಾಗಲೂ ತಂಬಿಗೆ ಮರೆಯದ ಆ ಹೆಂಗಸಿನ ಮೇಲೆ ನನಗೆ ಹುಟ್ಟಿದ ಅಸಹ್ಯ, ಅಜ್ಜಿ ಉಗುಳಿದ ಯಾವ ರಕ್ತದ ಮೇಲೂ ಹುಟ್ಟಿರಲಿಲ್ಲ.

ಅಮಾವಾಸ್ಯೆಯ ಸಂಜೆ ಚನ್ನವೀರ ತಾನಾಗಿಯೇ ಬಂದ. ತಾಯಿಗೆ ಹೇಳದೆ ಬಂದಿದ್ದ. ಅಜ್ಜಿ ಅಷ್ಟು ಹೊತ್ತಿಗೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ ಎಲ್ಲ ತಯಾರು ಮಾಡಿಟ್ಟಿದ್ದಳು. ಬರುತ್ತಾನೋ ಇಲ್ಲವೋ ಅಂತ ನಾನು ಕೇಳಿದ್ದಕ್ಕೆ ಬಂದರೆ ಹಸಿದಿರಬಾರದಲ್ಲ ಅಂದಿದ್ದಳು. ಹೊಸ್ತಿಲ ಹೊರಗೆ ನಿಂತವನನ್ನು "ಒಳಗ ಬಾ ಮಗನ" ಅಂತ ಕರೆದಳು. ಅವನು ಬಂದ, ಒಯ್ದಿದ್ದ ಕೊಂಬನ್ನು ತಿರುಗಿ ತಂದಿಟ್ಟು ಗೋಣಿತಟ್ಟಿನ ಮೇಲೆ ಕೂತ. ಅವನ ಮನೆತನದಲ್ಲಿ ನಮ್ಮ ಮನೆಯ ಒಳಗನ್ನು ಕಂಡವನು ಅವನೊಬ್ಬನೇ ಇರಬೇಕು. ಅಜ್ಜಿ ತಟ್ಟೆ ಇಟ್ಟಳು. ನಾನು ತುಂಬಿದ ತಂಬಿಗೆ ಅವನ ಕೈಗೇ ಕೊಟ್ಟೆ.

ತಂಬಿಗೆಯನ್ನು ತುಟಿಯ ತನಕ ಒಯ್ದ. ಅಲ್ಲಿಗೆ ನಿಂತಿತು. ಬೆವೆತ, ಕಣ್ಣು ಮುಚ್ಚಿದ, ಮತ್ತೆ ಎತ್ತಿದ, ಮತ್ತೆ ನಿಂತಿತು. ರೊಟ್ಟಿಯ ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡ, ಕೂಡಲೇ ಅಂಗೈಗೆ ತೆಗೆದ. ನಾನು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ. ಎರಡು ಆಡಿನ ಮರಿ ಹೀರಿದ ಬಾಯಿ, ಹೆತ್ತಪ್ಪನ ಅಪ್ಪನನ್ನೇ ಖಾಲಿ ಮಾಡಿದ ಬಾಯಿ.

"ನೀರು ಅಷ್ಟ ಚನ್ನವೀರ," ಅಂದೆ, "ಬರೇ ನೀರು."

"ಗೊತ್ತೈತಿ," ಅಂದ. "ನನ್ನ ಕಡಿಂದ ಆಗವಲ್ದು ಮಲ್ಲಮ್ಮಾ. ಹೇಸಿಗಿ ಬರತೈತಿ."

ಅವನು ಅದನ್ನು ಸೊಕ್ಕಿನಿಂದ ಹೇಳಲಿಲ್ಲ, ನಾಚಿಕೆಯಿಂದ ಹೇಳಿದ. ಹೊಟ್ಟೆಯಲ್ಲಿ ಕೂತಿದ್ದ ರಕ್ತ ತಡೆಯಿತೋ, ಹದಿನೆಂಟು ವರ್ಷ ತಾಯಿ ಚಿಮುಕಿಸಿದ ನೀರು ತಡೆಯಿತೋ. ತಟ್ಟೆ ಸರಿಸಿ ಎದ್ದು ಹೋದ. ಅದೇ ಭಜಿ ಸರಿಸಿದ ಕೈ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಸಾಯಲಿ ಅಂದೆ. ಅಜ್ಜಿ ನನ್ನ ಬಾಯಿಯ ಮೇಲೆ ಹೊಡೆದಳು. ಯಾವ ಅಮಾವಾಸ್ಯೆಗೆ ಬಂದರೂ ಮದ್ದು ನಡೆಯುತ್ತದೆ, ಎಂದಾದರೊಂದು ದಿನ ಬಾಯಿ ತೆರೆಯುತ್ತಾನೆ ಅಂದಳು. ಮರುದಿನ ಚನ್ನವೀರ ಊರಲ್ಲಿರಲಿಲ್ಲ. ಗೌಡತಿ ಎರಡು ವರ್ಷ ಬಾಗಿಲು ತೆರೆದಿಟ್ಟು ಕಾದು, ಆಮೇಲೆ ಅದೇ ಕೊರಗಿನಲ್ಲಿ ಸತ್ತಳು. ಮನೆಗೆ ಬೀಗ ಬಿತ್ತು. ಅಳ್ನಾವರದ ಕಡೆಯಿಂದ ಕರು ಸತ್ತ ಸುದ್ದಿ, ಕುರಿ ಸತ್ತ ಸುದ್ದಿ ಬರತೊಡಗಿದವು.

ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಅಜ್ಜಿ ಎರಡು ರೊಟ್ಟಿ ತೆಗೆದಿಡುತ್ತಿದ್ದಳು. ಬೆಳಿಗ್ಗೆ ಅವನ್ನು ನಾವೇ ಒಣ ಖಾರ ಹಚ್ಚಿ ತಿನ್ನುತ್ತಿದ್ದೆವು. ನಾನು ಲ್ಯಾಬಿನ ಕೋರ್ಸು ಮಾಡಿದೆ, ಕೆಲಸ ಹಿಡಿದೆ, ಮನೆಯ ನೆಲಕ್ಕೆ ಫರಸಿ ಕಲ್ಲು ಹಾಕಿಸಿದೆ. ಲ್ಯಾಬಿನಲ್ಲಿ ರಕ್ತ ಅಂದರೆ ಕೈಗವಸಿನ ಆಚೆಗಿನದು, ಮುಚ್ಚಳ ಹಾಕಿದ ಗಾಜಿನೊಳಗಿನದು. ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತೇನೆ. ಅಜ್ಜಿ ಅದನ್ನು ನೋಡಿ ನಗುತ್ತಿದ್ದಳು, ಗೌಡತಿ ಆದ್ಯಲ್ಲ ಅನ್ನುತ್ತಿದ್ದಳು. ಹಾಸಿಗೆ ಹಿಡಿದು ಏಳದಂತಾದಾಗ ನನಗೆ ಕೊಂಬು ಎಳೆಯುವುದನ್ನು ಕಲಿಸಿದಳು, ತನ್ನದೇ ಮೊಳಕಾಲಿನ ಮೇಲೆ. ಕಲಿತೆ. ರೊಟ್ಟಿ ಬಿಡಬೇಡ, ಬಂದರೆ ಒಳಗೆ ಕರೆ ಅಂತ ಮಾತು ತೆಗೆದುಕೊಂಡಳು. ಕೊಟ್ಟೆ. ಈ ಸಂಕ್ರಾಂತಿಯ ಹಿಂದಿನ ವಾರ ತೀರಿಕೊಂಡಳು.

ಹೋದ ಅಮಾವಾಸ್ಯೆ, ದೀಪ ಹಚ್ಚುವ ಹೊತ್ತು. ನಾನು ರೊಟ್ಟಿ ಬಡಿದು ಎರಡನ್ನು ಬುಟ್ಟಿಯಲ್ಲಿಟ್ಟು ಏಳುವಾಗ ಹೊಸ್ತಿಲ ಹೊರಗೆ ಚನ್ನವೀರ ನಿಂತಿದ್ದ. ನನಗೆ ಇಪ್ಪತ್ತೇಳು, ತಲೆಯಲ್ಲಿ ನಾಲ್ಕು ಬಿಳಿ ಕೂದಲು. ಅವನು ಹದಿನೆಂಟರಲ್ಲೇ ಇದ್ದ. ಬೆಳ್ಳಗೆ ಆಗಿದ್ದ ನಿಜ, ನೀರಲ್ಲಿ ಬಹಳ ದಿನ ಬಿದ್ದ ವಸ್ತುವಿನ ಬಿಳುಪು. ಉಗುರಿನ ಸಂದಿಯಲ್ಲಿ ಕಪ್ಪು ಹೆಪ್ಪುಗಟ್ಟಿತ್ತು, ಅಂಗಿಯ ತೋಳಿಗೆ ಕುರಿಯ ಉಣ್ಣೆ ಅಂಟಿತ್ತು, ಬಾಯಿ ತೆರೆದರೆ ಬೇಸಿಗೆಯಲ್ಲಿ ಎರಡು ದಿನ ಖಾಲಿ ಮಾಡದ ಲ್ಯಾಬಿನ ಕಸದ ಡಬ್ಬಿಯ ನಾತ. ಆ ಹುಡುಗಿಯರನ್ನು ಕರೆತಂದು ಅವನ ಮುಂದೆ ನಿಲ್ಲಿಸಬೇಕಿತ್ತು.

ಅಜ್ಜಿಯನ್ನು ಕೇಳಿದ. ಇಲ್ಲ ಅಂದೆ.

"ಕೊಂಬು?"

"ಐತಿ."

"ನಿನಗ ಎಳಿಯಾಕ ಬರತೈತಿ?"

"ಬರತೈತಿ."

"ಈಗ ಉಣ್ತೀನಿ ಮಲ್ಲಮ್ಮಾ. ನೀರೂ ಕುಡಿತೀನಿ. ಒಳಗ ಕರಿ."

ಕರೆಯದೆ ಬೇರೆಯವರ ಯಾವ ಮನೆಯೊಳಗೂ ಕಾಲಿಡಲು ಅವನಿಗೆ ಆಗುವುದಿಲ್ಲವಂತೆ, ನುಂಗಿದ ದಿನದಿಂದ ಹಾಗೆ. ಹೊಸ್ತಿಲ ಹೊರಗೇ ನಿಲ್ಲಬೇಕು. ಆದರೆ ಯಾರಾದರೂ ಕರೆದುಬಿಟ್ಟರೆ ಹೋಗದೆ ಇರಲೂ ಆಗುವುದಿಲ್ಲ. ಇಷ್ಟು ವರ್ಷ ದನ, ಕುರಿಯಲ್ಲೇ ಹೇಗೋ ತಳ್ಳಿದ್ದ. ಅದರ ಹಿಂದಿನ ವಾರ ಒಂದು ಮನೆಯ ಅಂಗಳದಲ್ಲಿ ಆಡುತ್ತಿದ್ದ ಮೂರು ವರ್ಷದ ಕೂಸು ಅವನನ್ನು ಕಂಡು, ಕಾಕಾ ಬಾ ಅಂತ ಕೈ ಚಾಚಿತಂತೆ. ಒಳಗಿಂದ ತಾಯಿ ಓಡಿ ಬಂದು ಎತ್ತಿಕೊಂಡು ಬಾಗಿಲು ಹಾಕಿದ್ದರಿಂದ ಉಳಿಯಿತು. ಇನ್ನೊಮ್ಮೆ ಹಾಗಾದರೆ ತನ್ನ ಕೈಯಲ್ಲಿಲ್ಲ ಅಂದ. ಅದನ್ನು ಹೇಳುವಾಗ ಅವನ ಗಂಟಲು ಮೇಲೆ ಕೆಳಗೆ ಆಯಿತು. ಅಳುವಿಗೋ ಆಸೆಗೋ ತಿಳಿಯಲಿಲ್ಲ.

ನಾನು ಒಂದೇ ಒಂದು ಮಾತು ಹೇಳಬೇಕಿತ್ತು. ಆಮೇಲೆ ಅವನ ಬೆನ್ನಿನ ಅಂಗಿ ಎತ್ತಬೇಕಿತ್ತು, ಆ ನೆನೆದ ಚರ್ಮದ ಮೇಲೆ ಕೊಂಬು ಊರಿ ನನ್ನ ಬಾಯಿ ಇಡಬೇಕಿತ್ತು, ಒಂಬತ್ತು ವರ್ಷ ಹೊಟ್ಟೆಯಲ್ಲಿ ಕೊಳೆತದ್ದನ್ನು ಮೂರು ಸಲ ನನ್ನ ನಾಲಿಗೆಯ ಮೇಲೆ ಎಳೆದುಕೊಳ್ಳಬೇಕಿತ್ತು. ಒಬ್ಬಳೇ ಇರುವ ಹೆಣ್ಣು, ಜೀವಕ್ಕೆ ಅಂಜಿದೆ ಅಂತ ಈಗ ಹೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಸುಳ್ಳು ಯಾಕೆ ಹೇಳಲಿ. ನಾನು ಅಂಜಲಿಲ್ಲ.

"ಅಲ್ಲೇ ನಿಂದರು," ಅಂದೆ.

ತಂಬಿಗೆ ತಂದೆ. ಅವನು ಕೇಳದೆಯೇ ಬೊಗಸೆ ಒಡ್ಡಿ ಬಗ್ಗಿದ. ಎಲ್ಲಿ ಕಲಿತ ಅಂತ ಕೇಳಬೇಕಿಲ್ಲ, ಹುಟ್ಟಿದಂದಿನಿಂದ ತಮ್ಮ ಹಿತ್ತಲಲ್ಲಿ ನೋಡಿದ್ದ. ನನ್ನ ಕೈ ತಾನಾಗಿಯೇ ಹೆಗಲ ಮಟ್ಟಕ್ಕೆ ಹೋಯಿತು. ಮೇಲಿಂದ ಸುರಿದೆ, ಅವನು ಗಟಗಟ ಕುಡಿದ, ಒಂದು ಹನಿಯೂ ಹೊರಗೆ ಬರಲಿಲ್ಲ. ರೊಟ್ಟಿಯನ್ನೂ ಮೇಲಿಂದಲೇ ಅವನ ಕೈಗೆ ಬಿಟ್ಟೆ. ಎರಡನ್ನೂ ತಿಂದ, ಅಳುತ್ತ ತಿಂದ, ಬೆರಳಿಗೆ ಅಂಟಿದ ಚೂರನ್ನೂ ಬಿಡಲಿಲ್ಲ. ಅಜ್ಜಿ ಹೇಳಿದಂತೆಯೇ ಆಯಿತು, ಬಾಯಿ ತೆರೆದ. ಅವನ ಮೈ ನಡುಗತೊಡಗಿತು, ಬೆನ್ನಿನಲ್ಲಿ ಏನೋ ಏಳುತ್ತಿದೆ ಅಂದ. ಕೂತ ರಕ್ತ ಜಾಗ ಬಿಟ್ಟಿತ್ತು. ತಿರುಗಿ ನನಗೆ ಬೆನ್ನು ಮಾಡಿ ಹೊಸ್ತಿಲಿಗೆ ಒತ್ತಿಕೊಂಡು ಕೂತ.

"ಹೊಟ್ಟಿ ತುಂಬಿತು. ಇನ್ನ ಕರಿ. ಕೊಂಬು ತಾ."

ಕೊಂಬು ಗೂಟಕ್ಕೆ ನೇತಾಡುತ್ತಿತ್ತು, ನನ್ನ ಕೈಗೆ ಎಟಕುವಷ್ಟು ಹತ್ತಿರ. ನಾನು ಅದನ್ನು ನೋಡಿದೆ, ಅವನ ಬೆನ್ನನ್ನು ನೋಡಿದೆ.

"ನನ್ನ ಕಡಿಂದ ಆಗವಲ್ದು ಚನ್ನವೀರ," ಅಂದೆ. "ಹೇಸಿಗಿ ಬರತೈತಿ."

ಹೊತ್ತು ಪೂರಾ ಮುಳುಗಿತು, ಅವನ ನಡುಕ ನಿಂತಿತು, ಎದ್ದದ್ದು ಮತ್ತೆ ತನ್ನ ಜಾಗದಲ್ಲಿ ಕೂತಿತು. ಆಮೇಲೆ ಎದ್ದು ನಿಂತು ನನ್ನ ಮುಖ ನೋಡಿದ. ಸಿಟ್ಟೇ ಇರಲಿಲ್ಲ.

"ಬರತೈತಿ," ಅಂದ. "ನನಗ ಗೊತ್ತೈತಿ."

ಬಗ್ಗಿಕೊಂಡು ಓಣಿಗಿಳಿದು ಹೋದ. ಇನ್ನೊಂದು ಅಮಾವಾಸ್ಯೆಗೆ ಒಂದು ತಿಂಗಳು. ಅಷ್ಟರಲ್ಲಿ ಯಾವ ಊರಿನ ಯಾವ ಅಂಗಳದಲ್ಲಿ ಯಾವ ಕೂಸು ಕೈ ಚಾಚುತ್ತದೆಯೋ ನನಗೆ ಗೊತ್ತಿಲ್ಲ. ಲ್ಯಾಬಿನಲ್ಲಿ ದಿನಾ ಪೇಪರು ಬಂದ ಕೂಡಲೇ ಅಳ್ನಾವರದ ಕಡೆಯ ಸುದ್ದಿ ಹುಡುಕುತ್ತೇನೆ.

ಆದರೆ ಆ ಸಂಜೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ತಂಬಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು. ಏನು ಮಾಡುತ್ತಿದ್ದೇನೆ ಅಂತ ಹೊಳೆಯುವ ಮೊದಲೇ ಅವನು ಕೂತಿದ್ದ ಜಾಗಕ್ಕೆ ಅದನ್ನು ಚಿಮುಕಿಸಿಬಿಟ್ಟಿದ್ದೆ. ಅವನು ಇನ್ನೂ ಓಣಿಯ ತಿರುವು ದಾಟಿರಲಿಲ್ಲ. ಸಪ್ಪಳ ಕೇಳಿ ಒಂದು ಗಳಿಗೆ ನಿಂತ, ತಿರುಗಿ ನೋಡದೆ ನಡೆದ.